ಅವರೆ ಹೊಲದ ಕಳೆಗೆ ಔಷಧಿಗಿಂತ ದಿನ ಮುಖ್ಯ

"ಅವರೆಗೆ ಯಾವ ಕಳೆ ಔಷಧಿ ಹೊಡೀತೀಯ?" ಅಂತ ನಮ್ಮೂರಲ್ಲಿ ಈಗ ಹಲವರು ನನ್ನನ್ನು ಕೇಳುತ್ತಾರೆ. "ಬಿತ್ತಿದ ಎಷ್ಟನೇ ದಿನ ಹೊಡೀತೀಯ?" ಅಂತ ಕೇಳುವವರು ಕಮ್ಮಿ. ನಾನೂ ಮೊದಲು ಹಾಗೇ ಇದ್ದವನು. ಹೆಸರು ಕೇಳಿ ಬಾಟಲಿ ತಂದು, ಎರಡು ವರ್ಷ ದುಡ್ಡು ನೀರಿಗೆ ಹಾಕಿದ ಮೇಲೆ ವಿಷಯ ತಲೆಗೆ ಹೋಯಿತು. ಆಮೇಲೆ ಇನ್ನೊಂದು ತಪ್ಪು ಮಾಡಿ ಅರ್ಧ ಎಕರೆ ಬೆಳೆಯನ್ನೇ ಕೆಡಿಸಿಕೊಂಡೆ. ಆ ಲೆಕ್ಕವನ್ನೆಲ್ಲ ಇಲ್ಲಿ ಬರೆದಿದ್ದೇನೆ.

ನನ್ನದು ಚಿಂತಾಮಣಿ ತಾಲ್ಲೂಕಿನಲ್ಲಿ ಮೂರು ಎಕರೆ ಕೆಂಪು ಮಣ್ಣಿನ ಬೆದ್ದಲು. ಎರಡು ಎಕರೆಗೆ ರಾಗಿ, ಅದರೊಳಗೆ ಅಕ್ಕಡಿ ಸಾಲಾಗಿ ನಾಟಿ ಅವರೆ. ಉಳಿದ ಒಂದು ಎಕರೆಗೆ ಹೆಬ್ಬಾಳ ಅವರೆ-4 ಮಾತ್ರ. ನಾಟಿ ಅವರೆ ಹಗಲು ಕಮ್ಮಿಯಾಗುವ ತನಕ ಹೂ ಬಿಡೋದಿಲ್ಲ. ಹೆಬ್ಬಾಳ ಅವರೆಗೆ ಆ ಹಂಗಿಲ್ಲ, ಯಾವಾಗ ಬಿತ್ತಿದರೂ ಸುಮಾರು 45-50 ದಿನಕ್ಕೆ ಹೂ ಬರುತ್ತದೆ. ಆಶ್ಲೇಷ ಮಳೆಗೆ ಬಿತ್ತಿದರೆ ಸೊಗಡಿನ ಕಾಯಿ ಮಾರ್ಕೆಟ್ಟಿಗೆ ನುಗ್ಗುವ ಮೊದಲೇ ನಮ್ಮ ಕಾಯಿ ಮಾರಿ ಮುಗಿದಿರುತ್ತದೆ. ನಾಲ್ಕು ಕಾಸು ಸಿಗುವುದು ಅದರಿಂದಲೇ.

ಆದರೆ ಈ ಬೆಳೆಗೆ ಒಂದು ತೊಂದರೆ ಇದೆ. ನಾಟಿ ಅವರೆಯ ಹಾಗೆ ಹಬ್ಬಿ ನೆಲ ಮುಚ್ಚುವುದಿಲ್ಲ, ಗಿಡ ಕುಳ್ಳು. ಸಾಲಿನ ಮಧ್ಯೆ ಒಂದೂವರೆ ಅಡಿ ಜಾಗ ತಿಂಗಳ ತನಕ ಬಯಲಾಗೇ ಇರುತ್ತದೆ. ಮಳೆ ಬಿದ್ದರೆ ಅಲ್ಲಿ ಕಳೆಯೇ ಯಜಮಾನ.

ಕಳೆ ಸೋಲಿಸುವುದು ಮೊದಲ ತಿಂಗಳಲ್ಲಿ

ಅವರೆ ಮೊಳೆತು ಮೇಲೆ ಬಂದ ಮೇಲೆ ಎರಡು ಮೂರು ವಾರ ನಿಧಾನವಾಗಿ ಬೆಳೆಯುತ್ತದೆ. ಕಳೆ ಹಾಗಲ್ಲ, ದಿನಕ್ಕೊಂದು ರೂಪ. ಮೊದಲ 30ರಿಂದ 45 ದಿನ ಹೊಲ ಚೊಕ್ಕಟವಾಗಿದ್ದರೆ ಆಮೇಲೆ ಬರುವ ಕಳೆ ಬೆಳೆಯನ್ನು ಅಷ್ಟಾಗಿ ಕಾಡುವುದಿಲ್ಲ. ಮೊದಲ ತಿಂಗಳು ಬಿಟ್ಟು ಎರಡನೇ ತಿಂಗಳಲ್ಲಿ ಎಷ್ಟು ಕಿತ್ತರೂ ಹೋದ ಇಳುವರಿ ವಾಪಸ್ ಬರೋದಿಲ್ಲ.

ಹಿಂದೆ ಇದು ಯೋಚನೆಯೇ ಆಗಿರಲಿಲ್ಲ. ಹದಿನೈದು ಇಪ್ಪತ್ತು ದಿನಕ್ಕೆ ಎಡೆಕುಂಟೆ, ಹಿಂದೆಯೇ ಹೆಣ್ಣಾಳುಗಳು ಕುಡ್ಲು ಹಿಡಿದು ಸಾಲಿನೊಳಗಿನ ಕಳೆ ತೆಗೆಯೋರು. ಈಗ ಊರಿನ ಹೆಣ್ಣು ಮಕ್ಕಳು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅವರನ್ನು ತಪ್ಪು ಅನ್ನಲಾರೆ, ತಿಂಗಳಿಗೆ ಇಷ್ಟು ಅಂತ ಸಂಬಳ ಬರುತ್ತದಲ್ಲ. ಉಳಿದ ಆಳುಗಳು ಎಲ್ಲರ ಹೊಲಕ್ಕೂ ಒಂದೇ ವಾರ ಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಕಳೆ ಮೊಣಕಾಲಿಗೆ ಬಂದಿರುತ್ತದೆ.

ಮೊದಲ ತಪ್ಪು: ನಲವತ್ತನೇ ದಿನದ ಔಷಧಿ

2018ರಲ್ಲಿ ಹೀಗೇ ಆಯಿತು. ಆಳು ಸಿಗಲಿಲ್ಲ, ಮಳೆ ಹಿಡಿದು ಕುಂಟೆಯೂ ಹೋಗಲಿಲ್ಲ. ನಲವತ್ತು ದಿನ ದಾಟಿದ ಮೇಲೆ ಅಂಗಡಿಗೆ ಓಡಿದೆ. "ಅವರೆ ಸಾಯಬಾರದು, ಹುಲ್ಲು ಸಾಯಬೇಕು" ಅಂದೆ. ಅಂಗಡಿಯವನು ಕ್ವಿಜಲೋಫಾಪ್ ಈಥೈಲ್ ಕೊಟ್ಟ. ಅವನು ಕೊಟ್ಟದ್ದು ಸುಳ್ಳಲ್ಲ, ನಾನು ಕೇಳಿದ್ದನ್ನೇ ಕೊಟ್ಟ. ನನಗೆ ತಿಳಿಯದೆ ಇದ್ದದ್ದು ಎರಡು.

ಒಂದು, ಇದು ಹುಲ್ಲು ಜಾತಿಯ ಕಳೆಗೆ ಮಾತ್ರ. ಅಣ್ಣೆಸೊಪ್ಪು, ಕೀರೆ, ಕಾಂಗ್ರೆಸ್ ಗಿಡದಂಥ ಅಗಲ ಎಲೆಯವಕ್ಕೆ ಏನೂ ಆಗುವುದಿಲ್ಲ. ಅವರೆಯೂ ಅಗಲ ಎಲೆಯದ್ದಾದ್ದರಿಂದಲೇ ಅದು ಬದುಕುತ್ತದೆ. ಕೊನ್ನಾರಿ ನೋಡೋಕೆ ಹುಲ್ಲಿನ ಹಾಗಿದ್ದರೂ ಅದು ಹುಲ್ಲಲ್ಲ, ಬೇರೆ ಜಾತಿ. ಅದರ ಕಡ್ಡಿ ಮುರಿದು ನೋಡಿ, ಮೂರು ಮೂಲೆ ಇರುತ್ತದೆ. ಕ್ವಿಜಲೋಫಾಪ್ ಅದನ್ನೂ ಮುಟ್ಟುವುದಿಲ್ಲ.

ಎರಡು, ಹುಲ್ಲು ಎರಡರಿಂದ ನಾಲ್ಕು ಎಲೆ ಇರುವಾಗ, ಅಂದರೆ ಬಿತ್ತಿದ 15-20 ದಿನದೊಳಗೆ ಹೊಡೆಯಬೇಕು. ನಾನು ಹೊಡೆದಾಗ ಹುಲ್ಲು ತೆನೆ ಬಿಡುತ್ತಿತ್ತು. ಸುಳಿ ಹಳದಿಯಾಯಿತು, ಬುಡದಿಂದ ಮತ್ತೆ ಒಡೆಯಿತು. ಹುಲ್ಲು ಅರ್ಧ ಬಗ್ಗಿದ್ದಕ್ಕೆ ಅಗಲ ಎಲೆಯ ಕಳೆಗೆ ಬಿಸಿಲು ಸಿಕ್ಕಿ ಇನ್ನೂ ಜೋರಾಯಿತು. ಔಷಧಿ ಖರ್ಚೂ ಆಯಿತು, ಹಿಂದೆಯೇ ಆಳಿನ ಖರ್ಚೂ ಆಯಿತು.

ಎರಡನೇ ತಪ್ಪು: ಎಂಟನೇ ದಿನ

2019ರಲ್ಲಿ ಪೆಂಡಿಮೆಥಾಲಿನ್ ತಂದೆ. ಕಳೆ ಹುಟ್ಟುವ ಮೊದಲೇ ಹೊಡೆಯುವ ಔಷಧಿ ಅಂತ ಕೇಳಿದ್ದೆ. ಬಿತ್ತನೆ ಮುಗಿಸಿ ನೆಂಟರ ಮನೆ ಮದುವೆಗೆ ಹೋಗಿಬಂದು ಎಂಟನೇ ದಿನ ಹೊಡೆದೆ. ಅಷ್ಟರಲ್ಲಿ ನೆಲದ ಮೇಲೆ ಸಣ್ಣಗೆ ಹಸಿರು ಕಾಣುತ್ತಿತ್ತು. ಇಷ್ಟು ಚಿಕ್ಕದಿದೆ, ಸಾಯುತ್ತದೆ ಅಂದುಕೊಂಡೆ. ಒಂದೂ ಸಾಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಪೆಂಡಿಮೆಥಾಲಿನ್ ಮಣ್ಣಿನ ಮೇಲ್ಪದರದಲ್ಲಿ ತೆಳ್ಳಗೆ ಕೂತಿರುತ್ತದೆ. ಆ ಪದರದಲ್ಲಿ ಮೊಳೆಯುವ ಸಣ್ಣ ಬೀಜಗಳ ಬೇರು ಮತ್ತು ಮೊಳಕೆ ಬೆಳೆಯದ ಹಾಗೆ ತಡೆಯುತ್ತದೆ. ಮೊಳೆತು ಮೇಲೆ ಬಂದು ಹಸಿರಾದ ಕಳೆಗೆ ಅದು ಏನೂ ಮಾಡಲಾರದು. ಅವರೆ ಯಾಕೆ ಬದುಕುತ್ತದೆ ಅಂದರೆ ಅದರ ಬೀಜ ದಪ್ಪ, ಎರಡು ಅಂಗುಲ ಆಳದಲ್ಲಿರುತ್ತದೆ, ಔಷಧಿ ಪದರದ ಕೆಳಗೆ ಬೇರು ಬಿಡುತ್ತದೆ. ಮೇಲೆ ಮೇಲೆ ಬಿತ್ತಿದರೆ ಅವರೆಗೂ ಪೆಟ್ಟು ಬೀಳಬಹುದು. ಮರಳು ಜಾಸ್ತಿ ಇರುವ ನೆಲದಲ್ಲಿ ಹೊಡೆದ ಕೂಡಲೇ ಜೋರು ಮಳೆ ಬಂದರೂ ಔಷಧಿ ಕೆಳಕ್ಕೆ ಇಳಿದು ಬೀಜಕ್ಕೆ ತಾಗುವುದುಂಟು.

ಸರಿಯಾದದ್ದು: ಮೂರು ದಿನದೊಳಗೆ, ಹಸಿ ನೆಲಕ್ಕೆ

2020ರಲ್ಲಿ ಬಾಟಲಿ ಮೊದಲೇ ತಂದಿಟ್ಟುಕೊಂಡು ಬಿತ್ತನೆಗೆ ಇಳಿದೆ. ಬಿತ್ತಿದ ಮಾರನೇ ದಿನ ಬೆಳಿಗ್ಗೆ ನೆಲ ಹಸಿ ಇತ್ತು, ಗಾಳಿ ಇರಲಿಲ್ಲ. ಆಗಲೇ ಹೊಡೆದೆ. ಇಪ್ಪತ್ತೈದು ದಿನದ ತನಕ ಸಾಲಿನ ಮಧ್ಯೆ ಮಣ್ಣು ಕಾಣುತ್ತಿತ್ತು. ನಡುನಡುವೆ ಕೊನ್ನಾರಿ, ಗರಿಕೆ, ಅಲ್ಲಲ್ಲಿ ಕನ್ನೆಸೊಪ್ಪು ಬಂದಿದ್ದವು, ಅಷ್ಟೆ. ಇಪ್ಪತ್ತೆಂಟನೇ ದಿನ ಎಡೆಕುಂಟೆ ಹೊಡೆದು, ಸಾಲಿನೊಳಗೆ ಉಳಿದದ್ದನ್ನು ನಾಲ್ಕು ಆಳಿನಲ್ಲಿ ತೆಗೆಸಿದೆ. ಅಷ್ಟರಲ್ಲಿ ಅವರೆ ನೆಲ ಮುಚ್ಚಿತು.

ಅಳತೆ ಹೀಗೆ. ದ್ವಿದಳ ಬೆಳೆಗಳಿಗೆ ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಪೆಂಡಿಮೆಥಾಲಿನ್ ಶೇಕಡಾ 30ರ ಇ.ಸಿ. ಆದರೆ ಎಕರೆಗೆ ಸುಮಾರು 1.3 ಲೀಟರ್. ಶೇಕಡಾ 38.7ರ ಸಿ.ಎಸ್. ಅಂತ ಇನ್ನೊಂದು ಬರುತ್ತದೆ, ಅದು ಎಕರೆಗೆ 700 ಮಿ.ಲೀ. ಎರಡಕ್ಕೂ ಹೆಸರು ಒಂದೇ, ಅಳತೆ ಬೇರೆ. ಬಾಟಲಿ ಮೇಲಿನ ಶೇಕಡಾ ನೋಡದೆ ಅಳೆಯಬೇಡಿ.

ನೀರು ಎಕರೆಗೆ 200 ಲೀಟರಿಗೆ ಕಮ್ಮಿ ಬೇಡ, 300 ಆದರೆ ಇನ್ನೂ ಒಳ್ಳೆಯದು. ನಾನು ಲೆಕ್ಕ ಹಾಕಿಕೊಳ್ಳುವುದು ಗುಂಟೆಯಲ್ಲಿ. 33 ಅಡಿ ಉದ್ದ 33 ಅಡಿ ಅಗಲ ಗೂಟ ಹೊಡೆದರೆ ಒಂದು ಗುಂಟೆ. ಮೊದಲು ಕ್ಯಾನಿಗೆ ಬರೀ ನೀರು ಹಾಕಿ, ನಮ್ಮ ಮಾಮೂಲಿ ನಡಿಗೆಯಲ್ಲಿ ಆ ಗುಂಟೆಗೆ ಹೊಡೆದು ಎಷ್ಟು ಲೀಟರ್ ಹಿಡಿಯಿತು ನೋಡಬೇಕು. ಐದು ಲೀಟರ್ ಹಿಡಿದರೆ ಎಕರೆಗೆ 200 ಲೀಟರ್ ಆಯಿತು. ಆಗ 16 ಲೀಟರ್ ಕ್ಯಾನು ಮೂರು ಗುಂಟೆಗೆ ಸ್ವಲ್ಪ ಮೇಲೆ ಬರುತ್ತದೆ. ಶೇಕಡಾ 30ರ ಔಷಧಿಯಾದರೆ ಕ್ಯಾನಿಗೆ 100ರಿಂದ 105 ಮಿ.ಲೀ. ನಿಮ್ಮ ನಡಿಗೆ ಬೇರೆ, ನನ್ನ ನಡಿಗೆ ಬೇರೆ. ಆದ್ದರಿಂದ ಪಕ್ಕದ ಹೊಲದವನ ಮುಚ್ಚಳದ ಲೆಕ್ಕ ನಂಬಬೇಡಿ.

ಇನ್ನು ಮೂರು ಮಾತು ನೆನಪಿರಲಿ. ಹುಳುವಿಗೆ ಹೊಡೆಯುವ ನಾಜಲ್ ಬೇಡ, ಬೀಸಣಿಗೆಯ ಹಾಗೆ ಅಗಲವಾಗಿ ಹರಡುವ ನಾಜಲ್ ಹಾಕಿ. ಹಿಂದಕ್ಕೆ ನಡೆಯುತ್ತಾ ಹೊಡೆಯಿರಿ, ಹೊಡೆದ ನೆಲ ತುಳಿಯಬಾರದು. ಹೊಡೆದ ಮೇಲೆ ಮೂರು ವಾರ ಕುಂಟೆ ಹಾಕಿ ಆ ಪದರ ಒಡೆಯಬೇಡಿ.

ನೆಲ ಒಣಗಿದ್ದರೆ? ಹೊಡೆಯಲೇಬೇಡಿ. ಒಣ ಮಣ್ಣಿನ ಮೇಲೆ ಬಿಸಿಲಿಗೆ ಈ ಔಷಧಿ ಹಾರಿಹೋಗುತ್ತದೆ, ಕೆಲಸ ಮಾಡುವುದಿಲ್ಲ. ಆ ವರ್ಷ 15-18 ದಿನಕ್ಕೊಂದು, 30 ದಿನಕ್ಕೊಂದು ಎಡೆಕುಂಟೆಯೇ ಗತಿ. ಒಣ ಕಾಲದಲ್ಲಿ ಕಳೆಯೂ ಕಮ್ಮಿ, ಕುಂಟೆಗೂ ಹದ ಸಿಗುತ್ತದೆ.

ಖರ್ಚಿನ ಲೆಕ್ಕ: ನಮ್ಮಲ್ಲಿ ಆಗ ಹೆಣ್ಣಾಳಿಗೆ 350 ರೂಪಾಯಿ. ಎರಡು ಸಲ ಕೈಕಳೆಗೆ 20 ಆಳು, 7000 ರೂಪಾಯಿ. ಆ ವರ್ಷ ಔಷಧಿಗೆ 800, ಹೊಡೆಯುವ ಕೂಲಿ 600, ಕುಂಟೆಗೆ 900, ನಾಲ್ಕು ಆಳಿಗೆ 1400, ಒಟ್ಟು 3700. ಉಳಿದದ್ದು 3300. ದುಡ್ಡಿಗಿಂತ ಹೆಚ್ಚಾಗಿ, ಆಳಿಗಾಗಿ ಮನೆಮನೆ ತಿರುಗುವುದು ತಪ್ಪಿತು.

ಮೂರು ದಿನ ತಪ್ಪಿದರೆ

ಬಿತ್ತಿದ ಮೇಲೆ ಮೂರು ದಿನ ಬಿಡದೆ ಮಳೆ ಬಂದು ಹೊಲಕ್ಕೆ ಇಳಿಯಲಾಗದಿದ್ದರೆ ಪೆಂಡಿಮೆಥಾಲಿನ್ ಮರೆತುಬಿಡಿ. ಹದಿನೈದನೇ ದಿನ ಹೊಲಕ್ಕೆ ಹೋಗಿ ಕೂತು ಕಳೆ ನೋಡಿ.

ಬಂದದ್ದು ಹೆಚ್ಚಾಗಿ ಹುಲ್ಲು, ಎರಡು ಮೂರು ಎಲೆ ಇದೆ ಅಂದರೆ ಕ್ವಿಜಲೋಫಾಪ್ ಈಥೈಲ್ ಶೇಕಡಾ 5ರದ್ದು ಎಕರೆಗೆ 400 ಮಿ.ಲೀ. ಆಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಗಲ ಎಲೆಯ ಕಳೆಯೇ ಜಾಸ್ತಿ ಅಂದರೆ ಆ ದುಡ್ಡನ್ನು ಕುಂಟೆಗೆ, ಸೈಕಲ್ ವೀಡರಿಗೆ ಹಾಕಿ.

ಎರಡೂ ಜಾತಿಗೆ ಆಗುತ್ತದೆ ಅಂತ ಇಮಾಜೆಥಾಪಿರ್ ಕೊಡುತ್ತಾರೆ. ಸೋಯಾ, ಕಡಲೆಕಾಯಿಗೆ ಬಂದಿರುವ ಔಷಧಿ ಅದು. ನಾನು ಐದು ಗುಂಟೆಗೆ ಮಾತ್ರ ಹೊಡೆದು ನೋಡಿದೆ. ಕಳೆ ಹಿಡಿತಕ್ಕೆ ಬಂತು, ಆದರೆ ಅವರೆ ಎಲೆ ಹಳದಿಯಾಗಿ ಹತ್ತು ಹನ್ನೆರಡು ದಿನ ಗಿಡ ನಿಂತಲ್ಲೇ ನಿಂತಿತು. ಆಮೇಲೆ ಚೇತರಿಸಿಕೊಂಡರೂ ಪಕ್ಕದ ಸಾಲಿಗಿಂತ ಹೂ ತಡ. ಮೊದಲ ಕಾಯಿಗೆ ಬೆಲೆ ಇರುವ ನಮಗೆ ಆ ತಡವೇ ನಷ್ಟ. ಅಲ್ಲದೆ ಇದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದೆಯೇ ಸಾಸಿವೆ, ಜೋಳದಂಥ ಬೆಳೆ ಹಾಕುವವರು ಯೋಚಿಸಬೇಕು.

ಇನ್ನೊಂದು ವಿಷಯ ಮುಚ್ಚಿಡಬಾರದು. ನಾನು ಮಗಳ ಕೈಲಿ ಓದಿಸಿದ ಯಾವ ಬಾಟಲಿಯ ಚೀಟಿಯಲ್ಲೂ ಅವರೆ ಹೆಸರಿರಲಿಲ್ಲ. ಸೋಯಾ, ಹತ್ತಿ, ಕಡಲೆಕಾಯಿ, ಉದ್ದು ಇತ್ತು. ಹಾಗಾಗಿ ಹೊಸದಾಗಿ ಯಾವುದನ್ನೇ ಹೊಡೆಯುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಮೊದಲು ಎರಡು ಗುಂಟೆಯಲ್ಲಿ ನೋಡಿ. ನಮ್ಮದು ಹಸಿಕಾಯಿ ಬಿಡಿಸಿ ತಿನ್ನುವ ಬೆಳೆ. ಬಿತ್ತಿದ ಮಾರನೇ ದಿನ ಹೊಡೆದದ್ದಕ್ಕೂ ಕಾಯಿ ಬಿಡಿಸುವುದಕ್ಕೂ ಎರಡು ತಿಂಗಳ ಮೇಲೆ ಅಂತರ ಇರುತ್ತದೆ. ತಡಮಾಡಿದಷ್ಟೂ ಆ ಅಂತರ ಕಮ್ಮಿಯಾಗುತ್ತದೆ. ಬೇಗ ಹೊಡೆಯಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಹಳಬರು ಕೆಲವರು ಇನ್ನೂ ಅಲಾಕ್ಲೋರ್ ಕೇಳುತ್ತಾರೆ. ಅದು 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷೇಧ. ಎಲ್ಲಾದರೂ ಹಳೆ ಡಬ್ಬ ಸಿಕ್ಕರೂ ಮುಟ್ಟಬೇಡಿ. ಗ್ಲೈಫೋಸೇಟ್ ಹಸಿರು ಇದ್ದದ್ದನ್ನೆಲ್ಲ ಕೊಲ್ಲುತ್ತದೆ, ನಿಂತ ಬೆಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಅರ್ಧ ಎಕರೆ ಹಾಳಾದ ಕಥೆ

2022ರಲ್ಲಿ ಕಳೆ ಎಲ್ಲ ಸರಿಯಾಗಿತ್ತು. ಹೂ ಮೊಗ್ಗು ಬಂದಾಗ ಕಾಯಿಕೊರಕಕ್ಕೆ ಔಷಧಿ ಹೊಡೆದೆ. ನಾಲ್ಕನೇ ದಿನ ನೋಡಿದರೆ ಕುಡಿಯೆಲ್ಲ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ, ಎಳೆ ಎಲೆ ಮುದುಡಿ ಕಡ್ಡಿಯಾಗಿದೆ. ರೋಗ ಅಂದುಕೊಂಡೆ. ಹೊಲದಲ್ಲಿ ನಡೆದು ನೋಡಿದಾಗ ಗೊತ್ತಾಯಿತು, ಮೊದಲು ಹೊಡೆದ ಕಡೆ ಜಾಸ್ತಿ, ಆಮೇಲಾಮೇಲೆ ಕಮ್ಮಿ. ಅಂದರೆ ಮೊದಲನೇ ಕ್ಯಾನುಗಳಲ್ಲಿ ಏನೋ ಇತ್ತು.

ವಾರದ ಹಿಂದೆ ಪಕ್ಕದ ಹೊಲದವನು "ಅಣ್ಣ, ಒಂದಿನಕ್ಕೆ ಕ್ಯಾನು ಕೊಡು" ಅಂತ ತಗೊಂಡು ಹೋಗಿದ್ದ. ಅವನು ರಾಗಿಯಲ್ಲಿನ ಅಗಲ ಎಲೆ ಕಳೆಗೆ 2,4-ಡಿ ಹೊಡೆದಿದ್ದ. ತೊಳೆದೇ ಕೊಟ್ಟಿದ್ದ, ಪಾಪ. ನಾನೂ ಒಂದು ಸಲ ನೀರಾಡಿಸಿದೆ. ಆದರೆ 2,4-ಡಿ ಕ್ಯಾನಿನ ಗೋಡೆಗೆ, ಪೈಪಿಗೆ, ವಾಷರಿಗೆ ಅಂಟಿಕೊಂಡಿರುತ್ತದೆ. ಅವರೆ, ತೊಗರಿ, ಹುರುಳಿ, ಟೊಮೇಟೊ, ಹತ್ತಿಗೆ ಅದರ ಚೂರು ಉಳಿದರೂ ಸಾಕು. ಸುಮಾರು 20 ಗುಂಟೆಯಲ್ಲಿ ಹೂ ಉದುರಿತು. ಆ ವರ್ಷ ಮೊದಲ ಎರಡು ಬಿಡಿಸುವಿಕೆ ಆ ಭಾಗದಲ್ಲಿ ಸಿಗಲೇ ಇಲ್ಲ.

ಅವನ ಮೇಲೆ ಜಗಳಕ್ಕೆ ಹೋಗಲಿಲ್ಲ. ಕ್ಯಾನು ನನ್ನದು, ಕೇಳಬೇಕಾದವನು ನಾನು. ಈಗ ನನ್ನ ಹತ್ತಿರ ಎರಡು ಕ್ಯಾನಿವೆ. ಒಂದಕ್ಕೆ ಕೆಂಪು ಬಣ್ಣ ಬಳಿದು 'ಕಳೆ' ಅಂತ ಬರೆದಿದ್ದೇನೆ. ಅದನ್ನು ಹುಳುವಿಗೆ ಮುಟ್ಟುವುದಿಲ್ಲ. ಒಂದೇ ಕ್ಯಾನಿರುವವರು ಬಟ್ಟೆ ಸೋಡಾ ಕಲಸಿದ ನೀರು ತುಂಬಿ ರಾತ್ರಿಯೆಲ್ಲ ಇಟ್ಟು, ಪೈಪಿನೊಳಗೂ ಬಿಟ್ಟು, ಮೂರು ನಾಲ್ಕು ಸಲ ಒಳ್ಳೆ ನೀರಿನಲ್ಲಿ ತೊಳೆಯಬೇಕು. ಆ ನೀರು ಬಾವಿ, ಕುಂಟೆ, ದನ ಕುಡಿಯುವ ತೊಟ್ಟಿ ಹತ್ತಿರ ಚೆಲ್ಲಬಾರದು. ಪಕ್ಕದವರು ರಾಗಿಗೆ 2,4-ಡಿ ಹೊಡೆಯುವ ದಿನ ಗಾಳಿ ನಿಮ್ಮ ಅವರೆ ಕಡೆ ಬೀಸುತ್ತಿದ್ದರೂ ಇದೇ ಗತಿ. ಮೊದಲೇ ಮಾತಾಡಿಕೊಳ್ಳಿ.

ಅಕ್ಕಡಿ ಅವರೆಗೆ ಔಷಧಿಯೇ ಬೇಡ

ರಾಗಿಯೊಳಗಿನ ಅಕ್ಕಡಿ ಅವರೆ ಬಗ್ಗೆ ನನ್ನ ಮಾತು ಒಂದೇ. ಅಲ್ಲಿ ಬಾಟಲಿ ತೆಗೆಯಬೇಡಿ. ರಾಗಿಯೂ ಹುಲ್ಲು ಜಾತಿಯೇ. ಹುಲ್ಲು ಕೊಲ್ಲುವ ಔಷಧಿ ರಾಗಿಯನ್ನು ಕೊಲ್ಲುತ್ತದೆ. ಅಗಲ ಎಲೆ ಕೊಲ್ಲುವುದು ಅವರೆಯನ್ನು ಕೊಲ್ಲುತ್ತದೆ. ಪೆಂಡಿಮೆಥಾಲಿನ್ ಮೇಲೆ ಮೇಲೆ ಬಿತ್ತಿದ ಸಣ್ಣ ರಾಗಿ ಬೀಜಕ್ಕೂ ಪೆಟ್ಟು ಕೊಡುತ್ತದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಿ ಎಡೆಕುಂಟೆ ಹೊಡೆಯುವುದು ನಮ್ಮ ಹಿರಿಯರಿಂದ ಬಂದದ್ದು. ಅದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.

ಕೊನ್ನಾರಿಗೂ ಪೆಂಡಿಮೆಥಾಲಿನ್, ಕ್ವಿಜಲೋಫಾಪ್ ಆಗದು. ಅದು ಗಡ್ಡೆಯಿಂದ ಬರುವ ಕಳೆ. ಬೇಸಿಗೆಯಲ್ಲಿ ಆಳವಾಗಿ ಉತ್ತು ಗಡ್ಡೆ ಬಿಸಿಲಿಗೆ ಒಣಗಿಸಿ, ಆರಿಸಿ ಹೊರಗೆ ಹಾಕಬೇಕು. ಎರಡು ಮೂರು ವರ್ಷ ಬಿಡದೆ ಮಾಡಿದ ಮೇಲೆ ನನ್ನ ಹೊಲದಲ್ಲಿ ಕಮ್ಮಿಯಾಯಿತು. ಹಾಗೆಯೇ ಮೊದಲ ಹದ ಮಳೆಗೆ ಬಿತ್ತಲು ಓಡದೆ, ಹುಟ್ಟಿದ ಕಳೆಯನ್ನು ಒಂದು ಸಲ ಕುಂಟೆಯಲ್ಲಿ ಕೆಡವಿ ಎರಡನೇ ಮಳೆಗೆ ಬಿತ್ತಿದರೆ ಅರ್ಧ ಕಳೆ ಅಲ್ಲೇ ಹೋಗಿರುತ್ತದೆ. ಇದಕ್ಕೆ ಖರ್ಚು ಒಂದು ಕುಂಟೆಯದು ಮಾತ್ರ.

ಬೆರಕೆ ಸೊಪ್ಪಿನ ಮಾತು

ಔಷಧಿ ಸರಿಯಾಗಿ ಕೆಲಸ ಮಾಡಿದ ವರ್ಷ ನನ್ನ ಹೆಂಡತಿ ಮಡಿಲು ಕಟ್ಟಿಕೊಂಡು ಹೊಲಕ್ಕೆ ಬಂದಳು. ಬೆರಕೆ ಸೊಪ್ಪಿಗೆ. ಸುತ್ತ ನೋಡಿ, "ಏನ್ರೀ, ಅಣ್ಣೆಸೊಪ್ಪೂ ಇಲ್ಲ, ಕೀರೆನೂ ಇಲ್ಲ. ಮಸ್ಸೊಪ್ಪಿಗೆ ಏನು ಮಾಡಲಿ?" ಅಂದಳು. ನಾನು ಕಳೆ ಅಂತ ಲೆಕ್ಕ ಹಾಕಿದ್ದು ಅವಳಿಗೆ ಅಡಿಗೆ. ಹಸುವಿಗೆ ದಿನವೂ ಒಂದು ಹೊರೆ ಹಸಿ ಹುಲ್ಲು ಬರುತ್ತಿದ್ದದ್ದೂ ಅಲ್ಲಿಂದಲೇ.

ಅಂದಿನಿಂದ ಮನೆ ಕಡೆಯ ಐದು ಗುಂಟೆಗೆ ಔಷಧಿ ಹೊಡೆಯುವುದಿಲ್ಲ. ಗಾಳಿ ಆ ಕಡೆಗಿದ್ದರೆ ಆ ದಿನ ಕ್ಯಾನು ಹೊರುವುದೂ ಇಲ್ಲ. ಅಲ್ಲಿ ಅವರೆ ಸಾಲು ಮಧ್ಯೆ ಅವಳು ಸೊಪ್ಪು ಕೀಳುತ್ತಾಳೆ, ಹಾಗೇ ಕಳೆಯೂ ಕಮ್ಮಿಯಾಗುತ್ತದೆ. ಔಷಧಿ ಹೊಡೆದ ಹೊಲದಲ್ಲಿ ಹುಟ್ಟಿದ ಸೊಪ್ಪು ನಾವು ತಿನ್ನುವುದಿಲ್ಲ, ದನಕ್ಕೂ ಹಾಕುವುದಿಲ್ಲ. ಊರಿನ ಬೇರೆ ಹೆಂಗಸರಿಗೂ ಗೊತ್ತಾಗಲಿ ಅಂತ ಬದುವಿನ ಮೇಲೆ ಕೋಲಿಗೆ ಬಿಳಿ ಬಟ್ಟೆ ಕಟ್ಟಿರುತ್ತೇನೆ.

ಒಟ್ಟಿನಲ್ಲಿ ನಾನು ಕಲಿತದ್ದು ಇಷ್ಟು. ಬಿತ್ತುವ ಮೊದಲೇ ಔಷಧಿ ಮನೆಯಲ್ಲಿರಬೇಕು. ನೆಲ ಹಸಿ ಇದ್ದು, ಮೂರು ದಿನದೊಳಗಾದರೆ ಹೊಡೆಯುವುದು, ಇಲ್ಲದಿದ್ದರೆ ಆ ಬಾಟಲಿ ಮುಂದಿನ ಬಿತ್ತನೆಗೆ ಎತ್ತಿಡುವುದು. ಹೊಡೆದರೂ ನಾಲ್ಕನೇ ವಾರದ ಕುಂಟೆ ಬಿಡಬಾರದು. ತಡವಾದ ಮೇಲೆ ಎಂಥ ದುಬಾರಿ ಔಷಧಿಯೂ ಕುಡ್ಲಿನ ಕೆಲಸ ಮಾಡುವುದಿಲ್ಲ.

ಔಷಧಿಯೇ ಇಲ್ಲದೆ ಹೆಬ್ಬಾಳ ಅವರೆಯನ್ನು ಕಮ್ಮಿ ಆಳಿನಲ್ಲಿ ಚೊಕ್ಕಟವಾಗಿ ಬೆಳೆದವರು ಓದುಗರಲ್ಲಿ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಮುಂದಿನ ಆಶ್ಲೇಷಕ್ಕೆ ನಾನೂ ಒಂದು ಹತ್ತು ಗುಂಟೆಯಲ್ಲಿ ಮಾಡಿ ನೋಡುತ್ತೇನೆ.